ವರುಣೆ ದಾಟಿದ ಸಾಕ್ಷಿ

ಮಾತು ಶುರು ಮಾಡುವ ಮೊದಲು ಅವರು ಬಲಗೈ ಬೆರಳಿನ ಗೆಣ್ಣಿನಿಂದ ಎದುರಿಗೆ ಸಿಕ್ಕಿದ್ದನ್ನು ಟಕಟಕ ಕುಟ್ಟುತ್ತಿದ್ದರು. ಮೇಜಿದ್ದರೆ ಮೇಜು, ಇಲ್ಲದಿದ್ದರೆ ಕಿಟಕಿಯ ಚೌಕಟ್ಟು, ಅದೂ ಇಲ್ಲದಿದ್ದರೆ ಕೇದಾರಘಾಟಿನ ಕಲ್ಲುಮೆಟ್ಟಿಲು. ಧಾರವಾಡದ ಕಡೆಯ ಸಣ್ಣ ಊರುಗಳ ಕೋರ್ಟುಗಳಲ್ಲಿ ಮುನ್ಸೀಫರಾಗಿದ್ದು ನಿವೃತ್ತರಾದವರು. ಹೆಂಡತಿಯ ಅಸ್ಥಿ ಬಿಡಲು ಕಾಶಿಗೆ ಬಂದರು, ತಿರುಗಿ ಹೋಗಲೇ ಇಲ್ಲ. ಕೋರ್ಟು ಬಿಟ್ಟಿದ್ದರೂ ಕೋರ್ಟನ್ನು ಸುಮ್ಮನಾಗಿಸುವ ಅಭ್ಯಾಸ ಬಿಟ್ಟಿರಲಿಲ್ಲ. ಬಂಗಾಲಿ ಟೋಲಾದ ಗಲ್ಲಿಯವರಿಗೆ ಅವರು ‘ಮುನ್ಸಿಫ್ ಸಾಹಬ್’, ಸುತ್ತಮುತ್ತ ಚದುರಿದ್ದ ನಾಲ್ಕಾರು ಕನ್ನಡದ ಮನೆಯವರಿಗೆ ‘ಸಾಹೇಬ್ರು’. ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಹೋದ ವಾರ ನಾನು ಪಾಟೀಸವಾಲು ಮಾಡುತ್ತಿದ್ದಾಗ ಸಾಕ್ಷಿಯೊಬ್ಬ ಊರೆಲ್ಲ ಆಡಿಕೊಳ್ಳುವುದನ್ನು ತಾನೇ ನೋಡಿದಂತೆ ಹೇಳತೊಡಗಿದ. ನನಗೇ ಗೊತ್ತಿಲ್ಲದೆ ನನ್ನ ಬೆರಳಿನ ಗೆಣ್ಣು ಮೇಜನ್ನು ಕುಟ್ಟಿತು. ಜೂನಿಯರ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳಿಗೆ ಆಗ ಹೇಳಲು ಆಗದೆ ಹೋದದ್ದನ್ನು ಈಗ ಬರೆಯುತ್ತಿದ್ದೇನೆ.

ಅದು ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ನಮ್ಮ ಮನೆ ಜಂಗಮವಾಡಿಯಲ್ಲಿ. ಅಪ್ಪ ಒಂದು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದರು. ನಾನು ಅಸಿ ನಾಲೆಯ ಆಚೆಗಿದ್ದ ಕಾಲೇಜಿಗೆ ಸೈಕಲ್ ತುಳಿದುಕೊಂಡು ಹೋಗಿ ಕಾನೂನು ಓದುತ್ತಿದ್ದೆ. ಹುಟ್ಟಿ ಬೆಳೆದದ್ದೆಲ್ಲ ಕಾಶಿಯಲ್ಲೇ. ಕನ್ನಡ ನನಗೆ ಅಡುಗೆಮನೆಯ ಭಾಷೆ. ಸಿಟ್ಟು ಬಂದರೆ ಹಿಂದಿಯೇ ಬಾಯಿಗೆ ಬರುತ್ತಿತ್ತು. ಸಿಟ್ಟು ಪದೇಪದೇ ಬರುತ್ತಿತ್ತು.

ಸಾಕ್ಷ್ಯ ಕಾಯ್ದೆ ನನ್ನ ತಲೆಗೆ ಹತ್ತುವುದಿಲ್ಲ ಎಂದು ತಿಳಿದ ಅಪ್ಪ ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದರು. ಗಲ್ಲಿಯ ಮೇಲೆ ಬಾಗಿಕೊಂಡಂತಿದ್ದ ಹಳೆಯ ಮನೆಯ ಮೊದಲ ಮಹಡಿ. ಒಂದು ಕೋಣೆ, ಒಂದು ಕಿಟಕಿ, ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು. ಆ ಕೋಟನ್ನು ಅವರು ಕಾಶಿಯಲ್ಲಿ ಒಮ್ಮೆಯೂ ತೊಡಲಿಲ್ಲ, ಆದರೆ ಬಿಸಿಲು ಬಂದ ದಿನ ಒಣಹಾಕಿ, ಕೋಲು ಹಿಡಿದು ಕೋತಿಗಳಿಂದ ಕಾಯುತ್ತಿದ್ದರು. ಮೊದಲ ದಿನ ನಾನು ಪುಸ್ತಕ ತೆರೆದೆ. ಅವರು ಟಕಟಕ ಎಂದರು. “ಅದನ್ನ ಮುಚ್ಚು. ನಿನ್ನೆ ಗೋದೌಲಿಯಾದಾಗ ಜಗಳಾ ಆತಂತಲ್ಲ, ಏನಾತು ಹೇಳು.” ನಾನು ಉತ್ಸಾಹದಿಂದ ಶುರು ಮಾಡಿದೆ. ಎರಡನೆಯ ವಾಕ್ಯಕ್ಕೆ ಕೈ ಎತ್ತಿದರು.

“ಕಂಡದ್ದೋ, ಕೇಳಿದ್ದೋ?”

“ಎಲ್ಲಾರೂ ಹೇಳಾತಿದ್ರು ಸಾಹೇಬ್ರ.”

“ಹಂಗಾರ ನಿನ್ನ ಹತ್ರ ಹೇಳೂದೇನೂ ಇಲ್ಲ. ಮನಿಗೆ ಹೋಗು, ನಾಳೆ ಬಾ.”

ನಿಜವಾಗಿಯೂ ಎಬ್ಬಿಸಿ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಒಂದೇ ವಾರದಲ್ಲಿ ನಾನು ಬಾಯಿ ತೆರೆಯುವ ಮುಂಚೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿಕೊಳ್ಳುವುದನ್ನು ಕಲಿತಿದ್ದೆ. ತರಕಾರಿ ಗಾಡಿಯವನು ‘ಬಾಬೂಜಿ, ಟೊಮ್ಯಾಟೊ ನಾಳೆ ತುಟ್ಟಿಯಾಗುತ್ತದೆ’ ಎಂದರೂ ಅದೇ ಪ್ರಶ್ನೆ. ಅರ್ಚಕರು ಯಾರದೋ ಪವಾಡ ಹೇಳಿದರೂ ಅದೇ ಪ್ರಶ್ನೆ. ಕಾಶಿಯಂಥ ಊರಿನಲ್ಲಿ ಈ ಪ್ರಶ್ನೆ ಇಟ್ಟುಕೊಂಡು ಬದುಕುವುದು ಸುಲಭವಲ್ಲ. ಅವರಿಗೆ ಸ್ನೇಹಿತರು ಕಡಿಮೆ.

ಇಷ್ಟೆಲ್ಲ ಪ್ರಶ್ನೆ ಕೇಳುವ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಪ್ರಶ್ನೆಯಿಲ್ಲದೆ ತಲೆಬಾಗಿದ್ದರು. ಕ್ಷೇತ್ರಸಂನ್ಯಾಸ ಅವರ ವ್ರತವಾಗಿತ್ತು. ಸಾಯುವವರೆಗೆ ಕಾಶಿಯ ಗಡಿ, ಅಂದರೆ ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ, ದಾಟುವುದಿಲ್ಲ ಎಂದು ನೀರು ಬಿಟ್ಟು ಸಂಕಲ್ಪ ಮಾಡಿದವರು. ಗಡಿಯ ಒಳಗೆ ಸತ್ತರೆ ಮುಕ್ತಿ. ಹೊರಗೆ ಹೋಗಿ ಸತ್ತರೆ ಕಾಶಿಯಲ್ಲಿ ಕಳೆದ ವರ್ಷಗಳೆಲ್ಲ ನೀರಿನಲ್ಲಿ ಹೋಮ. ಇಲ್ಲಿಗೆ ಬಂದು ನೆಲೆಸುವ ಮುದುಕರು ಇದನ್ನು ಎಷ್ಟು ಗಟ್ಟಿಯಾಗಿ ನಂಬುತ್ತಾರೆಂದರೆ, ನದಿಯಾಚೆಯ ರಾಮನಗರದಲ್ಲಿ ನೆಂಟರ ಮದುವೆಯಿದ್ದರೂ ಹೋಗುವುದಿಲ್ಲ. ಸಾಹೇಬರು ನನ್ನ ಕಾಲೇಜನ್ನು ನೋಡಿರಲಿಲ್ಲ, ಅದು ಅಸಿಯ ಆಚೆ. ಕಚೇರಿಯನ್ನೂ ನೋಡಿರಲಿಲ್ಲ. ಕಚೇರಿ ಎಂದರೆ ಇಲ್ಲಿ ಜಿಲ್ಲಾ ಕೋರ್ಟು. ಅದು ಉತ್ತರಕ್ಕೆ, ವರುಣಾ ನದಿಯ ಸೇತುವೆಯ ಆಚೆ. ಬದುಕೆಲ್ಲ ಕೋರ್ಟಿನಲ್ಲಿ ಕಳೆದವರು ಕೋರ್ಟಿಲ್ಲದ ಕಡೆ ಬಂದು ಸೇರಿದ್ದೀರಿ ಎಂದು ನಾನು ಅಣಕಿಸಿದರೆ, “ಅದಕ್ಕ ಬಂದೀನವಾ” ಎಂದು ನಗುತ್ತಿದ್ದರು.

ಅವರ ಕಿಟಕಿಯ ಎದುರಿಗೆ, ಎರಡು ಮಾರು ಅಗಲದ ಗಲ್ಲಿಯ ಆಚೆ, ಒಂದು ಮನೆಯ ಕೆಳಗಿನ ಕೋಣೆಯಲ್ಲಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ ಇದ್ದಳು. ಬಾಗಲಕೋಟೆ ಕಡೆಯ ಹಳ್ಳಿಯವಳು, ಗಂಡ ಸತ್ತ ಮೇಲೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ವ್ರತಗಿತ ಏನೂ ಇಲ್ಲ. “ನನ್ನ ಒಲಿ ಎಲ್ಲೇತೋ ಅಲ್ಲೇ ಕಾಶಿ” ಎನ್ನುವವಳು. ಬೆಳಿಗ್ಗೆ ಗಂಗೆಗೆ ಮುಳುಗು, ಆಮೇಲೆ ರೊಟ್ಟಿ. ಅಪ್ಪ ಊರಿನಿಂದ ಬರುವ ಯಾತ್ರಿಕರ ಕೈಯಲ್ಲಿ ಜೋಳದ ಹಿಟ್ಟು ತರಿಸಿಕೊಟ್ಟರೆ ಸಾಹೇಬರಿಗೂ ಎರಡು ರೊಟ್ಟಿ ಬಡಿಯುತ್ತಿದ್ದಳು. ಗಲ್ಲಿಯಲ್ಲಿ ನಿಂತು ಕೂಗಿದರೆ ಅವರು ಕಿಟಕಿಯಿಂದ ಹಗ್ಗ ಕಟ್ಟಿದ ಡಬ್ಬಿ ಇಳಿಬಿಡುತ್ತಿದ್ದರು. ಇಬ್ಬರೂ ಮುಖಾಮುಖಿ ಕೂತು ಮಾತಾಡಿದ್ದು ನಾನು ನೋಡಿದ್ದು ಕಡಿಮೆ. ಮಾತೆಲ್ಲ ಕಿಟಕಿಗೂ ಬಾಗಿಲಿಗೂ ನಡುವೆ.

ಆ ದಿನಗಳಲ್ಲಿ ಬಂಗಾಲಿ ಟೋಲಾದ ಮನೆಗಳು ಒಂದೊಂದಾಗಿ ಲಾಡ್ಜುಗಳಾಗುತ್ತಿದ್ದವು. ಆಯಿಯ ಮನೆಯ ಹಳೆಯ ಮಾಲೀಕ ಸತ್ತು, ಮಗ ಅದನ್ನು ಲಾಡ್ಜು ಮಾಡಲು ಹೊರಟ. ಮೇಲಿನ ಮಹಡಿಯವರು ಹೋದರು. ಆಯಿ ಹೋಗಲಿಲ್ಲ. ಒಂದು ಬೆಳಿಗ್ಗೆ ಅವಳು ಘಾಟಿಗೆ ಹೋಗಿದ್ದಾಗ ಮಾಲೀಕನ ಮಗ ಜನ ಕರೆತಂದು ಅವಳ ಬೀಗ ಒಡೆಸಿದ. ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆ ಗಲ್ಲಿಗೆ ಬಂದವು. ಸಾಹೇಬರು ಕಿಟಕಿಯಲ್ಲಿದ್ದರು. ಕೂಗಿದರು. ಅವಸರಕ್ಕೆ ಹಿಂದಿ ಹೊರಡದೆ ಕನ್ನಡದಲ್ಲೇ ಕೂಗಿದರು: “ಏ, ಕೀಲಿ ಮುರೀಬ್ಯಾಡ್ರೋ! ಆಕಿ ಇಲ್ಲ, ಆಕಿ ಬರೂತನಕ ನಿಲ್ರೋ!” ಅವರು ಆ ಕಡಿದಾದ ಮೆಟ್ಟಿಲಿಳಿದು ಬರುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಒದ್ದೆ ಸೀರೆಯಲ್ಲಿ, ಕೈಯಲ್ಲಿ ಗಂಗೆಯ ಚೊಂಬು ಹಿಡಿದು ಬಂದ ಆಯಿ ತನ್ನ ಹಾಸಿಗೆಯ ಪಕ್ಕದಲ್ಲಿ ಗಲ್ಲಿಯಲ್ಲೇ ಕೂತಳು. ಆ ದಿನ ಅವಳನ್ನು ನಮ್ಮ ಮನೆಗೆ ಕರೆತಂದೆವು. ನಡುಮನೆಗೆ ಬಾ ಎಂದರೆ ಒಪ್ಪದೆ, ಬಾಗಿಲ ಬಳಿಯ ಓಣಿಯಂಥ ಜಾಗದಲ್ಲಿ ಹಾಸಿಗೆ ಹಾಸಿಕೊಂಡಳು. “ಇಲ್ಲಿಂದ ಹೋಗೂದು ಹಗೂರ” ಎಂದಳು. ನಮ್ಮವ್ವ ಅಡುಗೆಮನೆಗೆ ಹೋಗಿ ಅತ್ತಳು.

ನನಗೆ ಹುರುಪೋ ಹುರುಪು. ಓದಿದ್ದು ಕಣ್ಣೆದುರು ಬಂದು ನಿಂತಿತ್ತು. ಕೋಣೆ ಯಾರದು ಎಂಬುದು ಆಮೇಲಿನ ಮಾತು. ಇದ್ದವರನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹಾಕಿದವರಿಗೆ ಕೋರ್ಟು ಮೊದಲು ಜಾಗ ವಾಪಸು ಕೊಡಿಸಬೇಕು. ಹಕ್ಕಿನ ಜಗಳ ನಂತರ. ಎಷ್ಟು ಚಂದದ ಕಾನೂನು ಎಂದು ನಾನು ಕುಣಿದೆ. ಸಾಹೇಬರು ಕುಣಿಯಲಿಲ್ಲ. “ಕಾನೂನು ಚಂದ ಅದ. ಸಾಕ್ಷಿ ಯಾರು?” ಎಂದರು.

ಕಷ್ಟ ಅಲ್ಲೇ ಇತ್ತು. ಅಪ್ಪನ ಪರಿಚಯದ ಒಬ್ಬ ಬನಾರಸಿ ವಕೀಲರು ಕೇಸು ಹಿಡಿದರು. ನಾನು ಅವರ ಹಿಂದೆ ಫೈಲು ಹೊತ್ತುಕೊಂಡು ಓಡಾಡುತ್ತಿದ್ದೆ. ಮಾಲೀಕನ ವಾದ ಸಣ್ಣದು: ಮುದುಕಿ ತಾನಾಗಿಯೇ ಕೋಣೆ ಬಿಟ್ಟುಕೊಟ್ಟು ಹೋದಳು, ಯಾರೂ ಬೀಗ ಒಡೆಯಲಿಲ್ಲ. ಆಯಿ ಕಟಕಟೆಯಲ್ಲಿ ನಿಂತಾಗ ಎದುರು ವಕೀಲ ನಯವಾಗಿ ಕೇಳಿದ: “ಅಮ್ಮಾ, ಬೀಗ ಒಡೆದದ್ದನ್ನು ನೀವು ಕಣ್ಣಾರೆ ಕಂಡಿರಾ?” ಆಯಿಗೆ ಸುಳ್ಳು ಬರುವುದಿಲ್ಲ. “ನಹೀಂ ಬೇಟಾ, ಮೈಂ ತೋ ನಹಾನೇ ಗಯೀ ಥೀ” ಎಂದಳು, ಸ್ನಾನಕ್ಕೆ ಹೋಗಿದ್ದೆ. ಮತ್ತೆ ಯಾರು ಹೇಳಿದರು? ಗಲ್ಲಿಯವರು. ಗಲ್ಲಿಯವರಲ್ಲಿ ಒಬ್ಬರೂ ಕೋರ್ಟಿಗೆ ಬರಲು ತಯಾರಿರಲಿಲ್ಲ. ಹಾಲಿನವನಿಗೆ ಏನೂ ಕಂಡಿರಲಿಲ್ಲ, ಪಾನ್ ಅಂಗಡಿಯವನು ಆ ದಿನ ಊರಲ್ಲೇ ಇರಲಿಲ್ಲವಂತೆ. ಕಂಡವರು ಅಂತ ಉಳಿದದ್ದು ಸಾಹೇಬರೊಬ್ಬರೇ. ಅವರು ಸೇತುವೆ ದಾಟುವಂತಿರಲಿಲ್ಲ.

ನಮ್ಮ ವಕೀಲರು ಅರ್ಜಿ ಹಾಕಿದರು. ಸಾಕ್ಷಿಗೆ ವ್ರತವಿದೆ, ಕಮಿಷನರ್ ನೇಮಿಸಿ ಮನೆಯಲ್ಲೇ ಹೇಳಿಕೆ ಪಡೆಯಬೇಕು. ಎದುರು ವಕೀಲ ಎದ್ದು, ಈ ಸಾಕ್ಷಿ ದಿನಾ ಕೇದಾರಘಾಟಿನ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಕೋರ್ಟಿನ ಮೆಟ್ಟಿಲು ಅದಕ್ಕಿಂತ ಕಡಿಮೆ ಎಂದ. ಕೋರ್ಟು ನಕ್ಕಿತು. ಅರ್ಜಿ ವಜಾ ಆಯಿತು. ಈ ಸುದ್ದಿ ಹೇಳಲು ಹೋದಾಗ ನನ್ನ ಕಣ್ಣಲ್ಲಿ ನೀರಿತ್ತು. ಸಾಹೇಬರು ಕಿಟಕಿಯ ಚೌಕಟ್ಟು ಕುಟ್ಟಿ, “ನಾ ಆ ಖುರ್ಚಿಯೊಳಗ ಇದ್ರೂ ಅದನ್ನ ಬರೀತಿದ್ದೆ” ಎಂದರು.

“ಹಂಗಾರ ಡಾಕ್ಟರ್ ಕಡೆಯಿಂದ ಸರ್ಟಿಫಿಕೇಟ್ ತರ್ತೀನಿ. ನಿಮಗ ಎದಿನೋವು ಅದ ಅಲ್ಲಾ?”

“ಎದಿನೋವು ಅದ. ಆದ್ರ ನಾ ಬರದ ಇರೂದು ಎದಿನೋವಿಗೆ ಅಲ್ಲ. ಇಲ್ಲದ ಕಾರಣಾ ಕೋರ್ಟಿಗೆ ಹೇಳಬಾರದು.”

ನಾನು ಸೋಲಲಿಲ್ಲ. ಒಬ್ಬ ಶಾಸ್ತ್ರಿಗಳನ್ನು ಹುಡುಕಿದೆ. ಕಾಶಿಯ ಗಡಿಗೆ ಎರಡು ಲೆಕ್ಕವಿದೆ ಎಂದು ಅವರು ಹೇಳಿದರು. ವರುಣೆಗೂ ಅಸಿಗೂ ನಡುವಿನದು ಒಂದು. ಯಾತ್ರಿಕರು ಸುತ್ತು ಹಾಕುವ ಪಂಚಕ್ರೋಶಿ ದಾರಿಯ ಒಳಗಿನದು ಇನ್ನೊಂದು, ಅದು ದೊಡ್ಡದು. ದೊಡ್ಡ ಲೆಕ್ಕದಲ್ಲಿ ಕಚೇರಿ ಕಾಶಿಯ ಒಳಗೇ ಬರುತ್ತದೆ! ನಾನು ಸೈಕಲ್ಲನ್ನು ಗಲ್ಲಿಯ ಹಸುಗಳ ನಡುವೆ ಓಡಿಸಿಕೊಂಡು ಬಂದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಇದನ್ನು ಹೇಳಿದೆ. ಸಾಹೇಬರು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು.

“ಸಂಕಲ್ಪ ಮಾಡೂಮುಂದ ನಾ ಬಾಯಿಲೆ ಹೇಳಿದ್ದು ವರುಣಾ, ಅಸಿ ನಡುವ ಅಂತ. ಈಗ ನನಗ ಅನುಕೂಲ ಆಗತದಂತ ಗಡಿ ಸರಿಸಿದ್ರ, ಆ ಮಾಲಕಗೂ ನನಗೂ ಫರಕೇನು?”

ಅವತ್ತು ನಾನು ತಾಳ್ಮೆ ಕಳೆದುಕೊಂಡೆ. “ಯೇ ಬಿಲ್ಕುಲ್ ಗಲತ್ ಹೈ!” ಎಂದು ಕಿರುಚಿದೆ, ಇದು ಪೂರ್ತಿ ತಪ್ಪು. “ನಿಮ್ಮ ಮುಕ್ತಿ ನಿಮಗ ಬೇಕು. ಆಯಿ ನಮ್ಮ ಬಾಗಲದಾಗ ಮಲಗ್ಯಾಳ, ಆಕಿಗೆ ಏನು ಬೇಕು ಅಂತ ಕೇಳೀರೇನು? ಸಾಯಲಿಕ್ಕೆ ಒಂದು ಮೂಲಿ ಬೇಕು ಆಕಿಗೆ. ಅಷ್ಟ!” ಅವರು ನನ್ನನ್ನು ತಿದ್ದಲಿಲ್ಲ. ಮಾಮೂಲಿಯಾಗಿ ‘ಕನ್ನಡದಾಗ ಸಿಟ್ಟಾಗು’ ಎನ್ನುವವರು ಅದನ್ನೂ ಎನ್ನಲಿಲ್ಲ. ಎದುರಿನ ಬಾಗಿಲಿನ ಹೊಸ ಬೀಗವನ್ನು ನೋಡುತ್ತ ಕೂತರು. ಆ ಬೀಗ ಅವರ ಕಿಟಕಿಗೆ ನೇರವಾಗಿ ಕಾಣುತ್ತಿತ್ತು. ದಿನವೆಲ್ಲ ಅದನ್ನೇ ನೋಡುತ್ತಿದ್ದರೇನೋ ಎಂದು ನನಗೆ ಆಗ ಹೊಳೆಯಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಧಡಧಡ ಮೆಟ್ಟಿಲಿಳಿದು ಬಂದೆ.

ನಂತರದ ದಿನಗಳು ಕೆಟ್ಟ ದಿನಗಳು. ಊರಿನಲ್ಲಿ ಕರ್ಫ್ಯೂ ಬಿತ್ತು, ಒಂದು ತಾರೀಖು ಹೋಯಿತು. ವಕೀಲರ ಮುಷ್ಕರ, ಇನ್ನೊಂದು ತಾರೀಖು ಹೋಯಿತು. ನ್ಯಾಯಾಧೀಶರು ಬೇಸತ್ತು, ಮುಂದಿನ ತಾರೀಖಿಗೆ ವಾದಿಯ ಸಾಕ್ಷಿ ಬರದಿದ್ದರೆ ಸಾಕ್ಷ್ಯ ಮುಕ್ತಾಯ ಎಂದು ಬರೆಸಿದರು. ಅತ್ತ ಗಲ್ಲಿಯಲ್ಲಿ ಸಂಜೆ ಹೊತ್ತಿಗೆ ಇಬ್ಬರು ಬಂದು ಸಾಹೇಬರ ಕಿಟಕಿಯ ಕೆಳಗೆ ಗೋಡೆಗೊರಗಿ ನಿಲ್ಲತೊಡಗಿದರು. ಪಾನು ಅಗಿಯುತ್ತಾರೆ, ಮೇಲೆ ನೋಡುತ್ತಾರೆ, ಹೋಗುತ್ತಾರೆ. ಮಾತಿಲ್ಲ. ಹಾಲಿನವನು ಅವರ ಮನೆಗೆ ಹಾಲು ಹಾಕುವುದು ನಿಲ್ಲಿಸಿದ. ಅಪ್ಪ ರಾತ್ರಿಯೂಟದ ಡಬ್ಬಿ ಕೊಟ್ಟುಬರುವ ನೆಪದಲ್ಲಿ ದಿನಾ ಹೋಗಿ ನೋಡಿ ಬರುತ್ತಿದ್ದರು.

ಒಂದು ಸಂಜೆ ಆ ಇಬ್ಬರಲ್ಲಿ ಒಬ್ಬ ಮೆಟ್ಟಿಲು ಹತ್ತಿ ಬಂದ. ನಾನು ಅಲ್ಲೇ ಇದ್ದೆ. ಜಗಳವಾಡಿದ ಮೇಲೆ ಮೊದಲ ಬಾರಿ ಹೋಗಿದ್ದೆ. ಅವನು ಸಾಹೇಬರ ಕಾಲು ಮುಟ್ಟಿದ. “ಬಾಬೂಜಿ, ಕಾಶಿ ಮೇಂ ಆಯೇ ಹೈಂ, ಆರಾಮ್ ಸೇ ಭಜನ್ ಕೀಜಿಯೇ” ಎಂದ. ಆರಾಮಾಗಿ ಭಜನೆ ಮಾಡಿಕೊಂಡಿರಿ. ಆಮೇಲೆ ಇನ್ನೂ ಮೆತ್ತಗೆ, ವರುಣೆಯ ಆಚೆ ರಸ್ತೆ ಚೆನ್ನಾಗಿಲ್ಲ, ಲಾರಿಗಳ ಓಡಾಟ, ನಿಮಗೆ ವಯಸ್ಸಾಗಿದೆ, ಅಲ್ಲಿ ಏನಾದರೂ ಆದರೆ ಇಷ್ಟು ವರ್ಷದ ತಪಸ್ಸು ಹೋಗುತ್ತದಲ್ಲ ಎಂದ. ಕಳಕಳಿಯಿಂದ ಹೇಳಿದಂತೆಯೇ ಇತ್ತು. ಸಾಹೇಬರು ಅವನನ್ನು ಬಾಗಿಲವರೆಗೆ ಬಿಟ್ಟು ಬಂದು ಕುಳಿತರು. ಮೇಜು ಕುಟ್ಟದೆ ಅವರು ಮಾತು ಶುರು ಮಾಡಿದ್ದು ಅದೊಂದೇ ಸಲ.

“ನೋಡಿದ್ಯಾ? ಆಕಿ ಕೀಲಿ ಮುರದ್ರು. ನನ್ನ ವ್ರತಾ ತಗೊಂಡು ತಮ್ಮ ಕೀಲಿ ಮಾಡ್ಕೊಂಡ್ರು.”

ಮರುದಿನ ಬೆಳಿಗ್ಗೆ ಕೇದಾರೇಶ್ವರನ ಗುಡಿಗೆ ಹೋಗಿ ಬಂದರು. “ಹೇಳಿ ಬಂದೆ” ಎಂದರು. ಏನಂತ ಎಂದೆ. “ಮುರೀತೀನಿ ಅಂತ. ಗಡಿ ಸರಿಸೂದಿಲ್ಲ, ಕಾರಣಾ ಹುಡಕೂದಿಲ್ಲ. ಗೊತ್ತಿದ್ದು ಮುರೀತೀನಿ ಅಂತ ಹೇಳಿ ಬಂದೆ.” ನಾನು ಬೇಡಿದ್ದು ಇದನ್ನೇ. ಆದರೂ ಕೇಳಿದಾಗ ಖುಷಿಯಾಗಲಿಲ್ಲ.

ತಾರೀಖಿನ ದಿನ ಅಪ್ಪ ಒಂದು ಆಟೋ ಕರೆತಂದರು. ನಾನು ಮೊಳೆಯಿಂದ ಕೋಟು ತೆಗೆದುಕೊಟ್ಟೆ. “ಬ್ಯಾಡ. ಸಾಕ್ಷಿಗೆ ಕೋಟಿಲ್ಲ” ಎಂದು ಧೋತರ, ಶಾಲಿನಲ್ಲೇ ಹೊರಟರು. ಗೋದೌಲಿಯಾದಲ್ಲಿ ನಮ್ಮ ಹಿಂದೆ ಒಂದು ಸ್ಕೂಟರು ಸೇರಿಕೊಂಡಿತು. ಲಹುರಾಬೀರ್ ದಾಟಿದರೂ ಇತ್ತು. ಅದು ನಮ್ಮ ಹಿಂದೆಯೇ ಬರುತ್ತಿತ್ತೋ, ತನ್ನ ಪಾಡಿಗೆ ಬರುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಸಾಹೇಬರು ತಿರುಗಿ ನೋಡಲಿಲ್ಲ. ನದೇಸರ್ ಕಳೆದು ಸೇತುವೆ ಬಂದಾಗ ಕಣ್ಣು ಮುಚ್ಚಿಕೊಂಡರು. ಆಟೋ ಆಚೆಗಿಳಿದ ಮೇಲೆ ತೆರೆದು, “ಬಂತೇನು?” ಎಂದು ಅಪ್ಪನನ್ನು ಕೇಳಿದರು. ಅಪ್ಪ ತಲೆಯಾಡಿಸಿದರು.

ಕಟಕಟೆಯಲ್ಲಿ ನಿಂತು ಅವರು ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ. ಎಲ್ಲಿದ್ದೆ, ಏನು ಕಂಡೆ, ಯಾರು ಸಲಾಕೆ ಹಿಡಿದಿದ್ದ, ಆಗ ಆ ಹೆಂಗಸು ಅಲ್ಲಿರಲಿಲ್ಲ. ಮುಗಿಯಿತು. ಎದುರು ವಕೀಲ ಪಾಟೀಸವಾಲಿಗೆ ಏಳಬೇಕು. ಎದ್ದು, ತಲೆನೋವು, ಕಾಲಾವಕಾಶ ಬೇಕು ಎಂದ. ನ್ಯಾಯಾಧೀಶರು ಸಾಕ್ಷಿಯ ವಯಸ್ಸು ನೋಡಿ ತಿಂಗಳು ಕೊಡದೆ ಮರುದಿನಕ್ಕೇ ಇಟ್ಟರು.

ಹೊರಗೆ ಬೇವಿನ ಮರದ ಕೆಳಗೆ ನಮ್ಮ ವಕೀಲರು ಸಿಡುಕಿದರು. ಪಾಟೀಸವಾಲಾಗದ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಇವರು ನಾಳೆ ಬರದಿದ್ದರೆ ಇವತ್ತು ಹೇಳಿದ್ದೆಲ್ಲ ಹೋಯಿತು. ಸಾಹೇಬರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಎದೆಯ ಎಡಗಡೆ ಅಂಗೈ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮುಖ ಬೂದಿಯಾಗಿತ್ತು. ಮನೆಗೆ ಹೋಗಿ ಮಲಗಿ, ನಾಳೆ ಬರೋಣ ಎಂದೆ.

“ಇಲ್ಲ. ನಾ ಇಲ್ಲೇ ಇರ್ತೀನಿ.”

“ಇಲ್ಲೇ ಅಂದ್ರ? ವರುಣಾ ಆಚೆ? ರಾತ್ರಿ?”

“ಸಾಕ್ಷಿಗಳನ್ನ ನಾ ಭಾಳ ನೋಡೀನವಾ. ಮನಿಗೆ ಹೋದ ಸಾಕ್ಷಿ ಹೊಳ್ಳಿ ಬರೂಮುಂದ ಬ್ಯಾರೆ ಮನುಷ್ಯಾ ಆಗಿರ್ತಾನ. ಗಂಗಾ ನೋಡಿದ್ರ, ಆ ಗುಡಿ ಗಂಟಿ ಕೇಳಿದ್ರ, ನನ್ನ ಕಾಲು ಮತ್ತ ಈ ವರುಣಾ ಪುಲ್ ಹತ್ತೂದಿಲ್ಲ. ನನಗ ನನ್ನ ಮ್ಯಾಲೆ ಅಷ್ಟು ನಂಬಿಕಿ ಇಲ್ಲ.”

ಎದೆನೋವಿನ ಮನುಷ್ಯ, ಗಡಿಯ ಆಚೆ ಸತ್ತರೆ ಎಲ್ಲ ಹೋಯಿತು ಎಂದು ನಂಬಿದ ಮನುಷ್ಯ, ಬೇಕೆಂದೇ ಗಡಿಯ ಆಚೆ ಉಳಿದರು. ಕಚೇರಿಯ ಹಿಂದಿನ ಅರ್ದಲೀ ಬಜಾರಿನಲ್ಲಿ ನಮ್ಮ ವಕೀಲರ ಗುಮಾಸ್ತನ ಮನೆ, ಅಲ್ಲಿ ಜಾಗವಾಯಿತು. ಅಪ್ಪ ಜೊತೆಗಿದ್ದರು. ನಾನೊಬ್ಬಳೇ ಸೇತುವೆ ದಾಟಿ ಮನೆಗೆ ಬಂದೆ.

ಬಾಗಿಲಲ್ಲಿ ಆಯಿ ಕೂತಿದ್ದಳು. ನನ್ನ ಹಿಂದೆ ಯಾರೂ ಇಲ್ಲದ್ದು ನೋಡಿ ಎದ್ದು ನಿಂತಳು. ಹೇಳಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ ನನ್ನ ತೋಳು ಹಿಡಿದು ಅಲುಗಾಡಿಸಿದಳು. “ನಂಗ ಖೋಲಿ ಬ್ಯಾಡ. ಕೇಸು ಬ್ಯಾಡ. ಹೋಗಿ ಸಾಹೇಬ್ರನ್ನ ಕರ್ಕೊಂಡು ಬಾ. ಅವ್ರಿಗೆ ಅಲ್ಲಿ ಏನರ ಆದ್ರ ಆ ಖೋಲಿಯೊಳಗ ನಾ ಹೆಂಗ ಒಲಿ ಹಚ್ಚಲಿ?” ಅವತ್ತು ಅವಳು ಊಟ ಮಾಡಲಿಲ್ಲ, ನನಗೂ ಅನ್ನ ಇಳಿಯಲಿಲ್ಲ. ಹೆದರಿಕೆ ಎಂದರೆ ಏನು ಎಂದು ನನಗೆ ತಿಳಿದದ್ದು ಆ ದಿನ.

ಬೆಳಿಗ್ಗೆ ಆಯಿಯೂ ನನ್ನ ಜೊತೆ ಬಂದಳು. ಸಾಹೇಬರು ಬದುಕಿದ್ದರು, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೋರ್ಟಿನ ಜಗಲಿಯಲ್ಲಿ ಕೂತಿದ್ದರು. ಆಯಿ ಕಟ್ಟಿಕೊಂಡು ತಂದ ರೊಟ್ಟಿಯ ಗಂಟನ್ನು ಅವರ ಪಕ್ಕದಲ್ಲಿಟ್ಟಳು.

ಪಾಟೀಸವಾಲು, ಎಲ್ಲ ಹಿಂದಿಯಲ್ಲೇ, ಊಟದ ಬಿಡುವಿನ ನಂತರವೂ ನಡೆಯಿತು. ಕಣ್ಣಿನ ದೋಷ, ಕಿಟಕಿಯ ಎತ್ತರ, ಮುದುಕಿ ಬಡಿದುಕೊಡುವ ರೊಟ್ಟಿ, ಎಲ್ಲ ಬಂತು.

“ನೀವು ಕೂಗಿದ್ದು ಯಾವ ಭಾಷೆಯಲ್ಲಿ?”

“ಕನ್ನಡದಲ್ಲಿ.”

“ಅಲ್ಲಿದ್ದವರಿಗೆ ಕನ್ನಡ ಬರುತ್ತದೆಯೇ?”

“ಇಲ್ಲ.”

“ಹಾಗಾದರೆ ಬೇಡ ಎಂದಿರೋ, ಸರಿ ಎಂದಿರೋ, ಅವರಿಗೆ ಹೇಗೆ ತಿಳಿಯಬೇಕು?”

“ಅದು ಅವರಿಗೆ ಗೊತ್ತು. ನಾನು ಕಂಡದ್ದು ಇಷ್ಟು: ಅವರು ತಲೆಯೆತ್ತಿ ನನ್ನನ್ನು ನೋಡಿದರು, ನಕ್ಕರು, ಒಡೆಯುವುದನ್ನು ಬೇಗ ಬೇಗ ಮಾಡಿದರು.”

ನ್ಯಾಯಾಧೀಶರ ಲೇಖನಿ ಓಡಿತು. ವಕೀಲನಿಗೆ ಸಿಟ್ಟು ನೆತ್ತಿಗೇರಿತು. ಅವನು ಇಟ್ಟುಕೊಂಡಿದ್ದ ಕೊನೆಯ ಬಾಣ ತೆಗೆದ. ವಿಶ್ವನಾಥನ ಎದುರು ನೀರು ಬಿಟ್ಟು, ವರುಣೆ ದಾಟುವುದಿಲ್ಲ ಎಂದು ಮಾತು ಕೊಟ್ಟವರು ನೀವು. ದಾಟಿ ಬಂದಿದ್ದೀರಿ. ನಿನ್ನೆ ಇಡೀ ರಾತ್ರಿ ಈ ದಡದಲ್ಲೇ ಇದ್ದಿರಿ. ದೇವರಿಗೆ ಕೊಟ್ಟ ಮಾತು ಮುರಿದವರ ಮಾತನ್ನು ಈ ಕೋರ್ಟು ಯಾಕೆ ನಂಬಬೇಕು?

ನಮ್ಮ ವಕೀಲರು ಆಕ್ಷೇಪ ಎನ್ನುತ್ತ ಅರ್ಧ ಎದ್ದರು. ಸಾಹೇಬರು ಕೈಯೆತ್ತಿ ಅವರನ್ನು ಕೂರಿಸಿದರು. ಕಟಕಟೆಯ ಅಂಚನ್ನು ಎರಡು ಸಲ ಕುಟ್ಟಿದರು. ಕೋರ್ಟು ನಿಶ್ಶಬ್ದವಾಯಿತು.

“ಮುರಿದದ್ದು ನಿಜ. ದಯವಿಟ್ಟು ಬರೆದುಕೊಳ್ಳಿ. ಆದರೆ ನನಗೆ ಸುಳ್ಳು ಹೇಳುವುದಿದ್ದರೆ ಸೇತುವೆ ದಾಟುವ ಕೆಲಸವೇ ಇರಲಿಲ್ಲ. ಕಿಟಕಿಯಲ್ಲೇ ಕೂತು, ಏನೂ ಕಾಣಲಿಲ್ಲ ಅಂದಿದ್ದರೆ ಸಾಕಿತ್ತು. ವ್ರತವೂ ಉಳಿಯುತ್ತಿತ್ತು.”

ಮತ್ತೆ ಪ್ರಶ್ನೆಗಳಿರಲಿಲ್ಲ.

ಬರುವಾಗ ಸೇತುವೆಯ ನಡುವೆ ಆಟೋ ನಿಲ್ಲಿಸಲು ಹೇಳಿದರು. ಹೋಗುವಾಗ ಕಣ್ಣು ಮುಚ್ಚಿದ್ದರಲ್ಲ, ಈಗ ಇಳಿದು ಕಟ್ಟೆ ಹಿಡಿದು ಕೆಳಗೆ ನೋಡಿದರು. ಕಪ್ಪು ನೀರು, ದಡದಲ್ಲಿ ಎಮ್ಮೆಗಳು, ಅಗಸರ ಬಟ್ಟೆ. “ಇಷ್ಟ ಸಣ್ಣ ಹೊಳಿ ಅಂತ ಗೊತ್ತಿದ್ದಿಲ್ಲ” ಎಂದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಆಯಿ ಗೆದ್ದಳು. ಕೋರ್ಟಿನ ಅಮೀನ ಬಂದು ಬೀಗ ತೆಗೆಸಿದ. ಮಾಲೀಕ ಹಕ್ಕಿನ 	ಬಗ್ಗೆ ಬೇರೆ ದಾವೆ ಹೂಡಿದ, ಅದು ಕಾಶಿಯ ಗೂಳಿಯಂತೆ ದಾರಿಗಡ್ಡ ಮಲಗಿತು. ಅಲ್ಲಿಯತನಕ ಒಲೆ ಉರಿಯಿತು, ಡಬ್ಬಿ ಇಳಿಯಿತು. ಸಾಹೇಬರಿಗೆ ಪ್ರಾಯಶ್ಚಿತ್ತ ಮಾಡಿಸಿ ಮತ್ತೆ ವ್ರತ ಕೊಡಿಸುತ್ತೇವೆ ಎಂದು ಕೆಲವರು ಬಂದರು. “ಮುರದದ್ದು ಮುರದದ್ದು. ರಿಕಾರ್ಡ್ ಆಗೇದ” ಎಂದು ಕಳಿಸಿಬಿಟ್ಟರು. ನನ್ನ ಕೊನೆಯ ವರ್ಷದ ಅಣಕು ನ್ಯಾಯಾಲಯಕ್ಕೆ ಅಸಿ ದಾಟಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಚೆನ್ನಾಗಿ ಮಾಡಿದೆನೇ ಎಂದು ಕೇಳಿದರೆ, “ಭಾಳ ಮಾತಾಡ್ತಿ” ಎಂದರು. ಆದರೆ ಸಂಜೆ ಘಾಟಿನಲ್ಲಿ, ಕತ್ತಲಾಗುವ ಹೊತ್ತಿಗೆ, ಅವರು ನೀರು ನೋಡುತ್ತ ಕೂತ ರೀತಿ ಮೊದಲಿನಂತಿರಲಿಲ್ಲ. ಅವರು ಏನನ್ನೋ ಕಳೆದುಕೊಂಡಿದ್ದರು. ಅದನ್ನು ನಾನು ಮುಚ್ಚಿಡುವುದಿಲ್ಲ.

ಅದರ ಮಾರನೆಯ ಚಳಿಗಾಲ ಎದೆನೋವು ಜೋರಾಯಿತು. ಗಲ್ಲಿಯ ಡಾಕ್ಟರು ಅಸಿ ಆಚೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದರು. ಅವರಿಗೆ ಮಾತಾಡುವ ಶಕ್ತಿ ಇರಲಿಲ್ಲ. ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ನಾವೇ ಕರೆದೊಯ್ದೆವು. ಅಲ್ಲೇ, ಮರುದಿನ ಮಧ್ಯಾಹ್ನ ತೀರಿಹೋದರು. ಆಯಿ ಹಾಸಿಗೆಯ ಪಕ್ಕದಲ್ಲಿದ್ದಳು.

ಗಲ್ಲಿಗೆ ತಂದು ಮಲಗಿಸಿದಾಗ ಜನ ಸೇರಿದರು. ಕ್ರಿಯೆ ಮಾಡಿಸಲು ಬಂದ ಕನ್ನಡದ ಭಟ್ಟರು ಸಾಹೇಬರನ್ನು ಬಹಳ ವರ್ಷದಿಂದ ಬಲ್ಲವರು, ಒಳ್ಳೆಯವರು. ಮರುಕದಿಂದಲೇ ನಾಲಿಗೆ ಲೊಚಗುಟ್ಟಿದರು. “ಎಷ್ಟು ವರ್ಷದ ಕಾಶೀವಾಸ! ಕಡೀಗೆ ಗಡಿ ಆಚೆ ಹೋದರಲ್ಲ. ಮುಕ್ತಿ ತಪ್ಪಿಹೋಯ್ತು, ಪಾಪ.” ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ತಲೆ ಎತ್ತಿದಳು. ಅವಳ ಕೈ ಚಟ್ಟದ ಬಿದಿರಿನ ಮೇಲಿತ್ತು. ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿದಳು.

“ಮುಕ್ತಿ ತಪ್ಪಿದ್ದು, ನೀವು ಕಂಡದ್ದೋ, ಕೇಳಿದ್ದೋ?”

ಭಟ್ಟರು ತಬ್ಬಿಬ್ಬಾದರು. “ಹಾಗಲ್ಲಮ್ಮಾ, ಹಿರಿಯರು ಹೇಳುತ್ತಾರೆ…”

“ಅಂದ್ರ ಕೇಳಿದ್ದು. ನಾ ಕಂಡೀನಿ. ಆ ಪುಲ್ ಯಾತಕ್ಕ ದಾಟಿದ್ರು ಅಂತ ನಾ ಕಣ್ಣಾರೆ ಕಂಡೀನಿ. ಮ್ಯಾಲೆ ಯಾರರ ಅವ್ರನ್ನ ತಡದು ಕೇಳಿದ್ರ, ನನ್ನ ಕರೀರಿ ಅಂತ ಹೇಳ್ರಿ. ನಾ ಬಂದು ಹೇಳ್ತೀನಿ.”